ಸವಳು ನೀರಿನ ಬೇವು

ಯುಗಾದಿಯ ಬೇವನ್ನು ನಾವು ಕುಡಿಯುತ್ತೇವೆ. ಮೈಸೂರು ಕಡೆಯ ಗೆಳತಿಯರಿಗೆ ಇದನ್ನು ಹೇಳಿದಾಗಲೆಲ್ಲ ಅವರು ಕಷಾಯವನ್ನು ಊಹಿಸಿಕೊಂಡು ಮುಖ ಕಿವುಚುತ್ತಾರೆ. ಅವರ ಬೇವು ಅಂಗೈಯಲ್ಲಿ ಹಿಡಿಯುವ ಒಂದು ಚಿಟಿಕೆ. ನಮ್ಮದು ಒಂದು ಗಡಿಗೆ. ಹುಣಸೆಹಣ್ಣು ಕಿವುಚಿದ ರಸ, ಬೆಲ್ಲ, ಪುಟಾಣಿ ಹಿಟ್ಟು, ತುರಿದ ಮಾವಿನಕಾಯಿ, ಹುರಿದ ಗಸಗಸೆ, ಒಣಕೊಬ್ಬರಿ, ಉತ್ತತ್ತಿ, ಒಣದ್ರಾಕ್ಷಿ, ಗೋಡಂಬಿ, ಬಡೇಸೋಪು, ಯಾಲಕ್ಕಿ, ಬಾಳೆಹಣ್ಣಿನ ಚೂರು, ಎಲ್ಲಕ್ಕೂ ಕೊನೆಗೆ ಒಂದು ಹಿಡಿಗಿಂತ ಕಡಿಮೆ ಬೇವಿನ ಹೂ. ಹೊಸ ಮಣ್ಣಿನ ಗಡಿಗೆಯಲ್ಲಿ ಎರಡು ತಾಸು ತಣ್ಣಗೆ ಕೂತು, ಹಿಟ್ಟು ನೀರು ಹೀರಿಕೊಂಡ ಮೇಲೆ ದೇವರಿಗೆ ಎಡೆಯಾಗುತ್ತದೆ. ಆಮೇಲೆ ಬಂದವರಿಗೆಲ್ಲ ಲೋಟ ಲೋಟ. ಕಹಿ ಎಲ್ಲೋ ಅಡಿಯಲ್ಲಿ ಇರುತ್ತದೆ. ಚೆನ್ನಾಗಿ ಮಾಡಿದ ಬೇವಿನಲ್ಲಿ ಅದು ಕುಡಿದು ಮುಗಿಸಿದ ಮೇಲೆ ಗೊತ್ತಾಗಬೇಕು.

ನಾನು ಸೊಸೆಯಾಗಿ ಹೋದದ್ದು ಕೆಂಭಾವಿಯಿಂದ ಎರಡು ಹರದಾರಿ ದೂರದ ಒಂದು ಹಳ್ಳಿಗೆ. ಅಲ್ಲಿ ಇಡೀ ಓಣಿಯ ಬೇವು ನಮ್ಮ ಅತ್ತೆಯ ಅಂಗಳದಲ್ಲಿ ಆಗುತ್ತಿತ್ತು. ಮನೆ ಮನೆಗೆ ಬೇರೆ ಗಡಿಗೆ ಇರಲಿಲ್ಲ. ಮಧ್ಯಾಹ್ನ ಎಡೆಯಾದ ಮೇಲೆ ಅರವತ್ತು ಎಪ್ಪತ್ತು ಜನ ಬರುತ್ತಿದ್ದರು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಅಂಗಳದ ಚಾಪೆಯ ಮೇಲೆ. ವರ್ಷದ ಉಳಿದ ದಿನಗಳಲ್ಲಿ ಆ ಮನೆಯಲ್ಲಿ ಅತ್ತೆಯ ಮಾತು ಎಲ್ಲೂ ನಡೆಯುತ್ತಿರಲಿಲ್ಲ. ಯಾವ ಹೊಲಕ್ಕೆ ಏನು ಬಿತ್ತಬೇಕು, ಯಾರನ್ನು ಯಾವ ಊರಿಗೆ ಕೊಡಬೇಕು ಎಂಬುದನ್ನೆಲ್ಲ ಮಾವ ಕಟ್ಟೆಯ ಮೇಲೆ ತೀರ್ಮಾನಿಸಿ ಊಟಕ್ಕೆ ಬಂದು ಹೇಳುತ್ತಿದ್ದರು. ಯುಗಾದಿಯ ಪಾಡ್ಯದ ದಿನ ಮಾತ್ರ ಮಾವನೂ ಲೋಟ ಹಿಡಿದು ಸರದಿಯಲ್ಲಿ ನಿಲ್ಲುತ್ತಿದ್ದರು.

ಆ ಗಡಿಗೆಯ ಮೇಲೆ ಇನ್ನೊಬ್ಬರ ಕಣ್ಣಿತ್ತು. ಮಾವನ ತಮ್ಮನ ಹೆಂಡತಿ, ನನಗೆ ಸಣ್ಣತ್ತೆ. ಅಣ್ಣ ತಮ್ಮಂದಿರು ಬೇರೆಯಾದಾಗ ಅಂಗಳದ ನಡುವೆ ಎದೆಮಟ್ಟದ ಗೋಡೆ ಎದ್ದಿತ್ತು. ದೇವರ ಜಗಲಿ ಹಿರಿಯರ ಕಡೆ ಉಳಿಯಿತು, ಅದರೊಂದಿಗೆ ಬೇವೂ ಉಳಿಯಿತು. ಸಣ್ಣತ್ತೆ ಇದಕ್ಕಾಗಿ ಜಗಳ ಮಾಡಿದ್ದನ್ನು ನಾನು ನೋಡಿಲ್ಲ. ಪ್ರತಿ ವರ್ಷ ಗೋಡೆಯ ಆಚೆಯಿಂದ ಬಂದು, ಮೊದಲ ಗುಟುಕು ಕುಡಿದು, ಲೋಟದೊಳಗೆ ಇಣುಕಿ ನೋಡುತ್ತಿದ್ದರು, ಅಷ್ಟೇ. ಬೇವು ಒಂದು ಸಲ ಕೆಟ್ಟರೆ ಓಣಿ ಗೋಡೆಯ ಆಚೆಗೆ ಹೋಗುತ್ತದೆ ಎಂಬುದು ಅತ್ತೆಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಕೆಲಸದ ಬಗ್ಗೆ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬೇವನ್ನು ರುಚಿ ನೋಡುವಂತಿಲ್ಲ. ದೇವರಿಗೆ ಎಡೆಯಾಗುವ ತನಕ ಮಾಡಿದವರ ನಾಲಿಗೆಗೆ ಒಂದು ಹನಿಯೂ ತಾಗಬಾರದು. ತಾಗಿದರೆ ಗಡಿಗೆಯೆಲ್ಲ ಎಂಜಲು. ಹದಿಮೂರು ಸಾಮಾನು, ಎರಡು ಕೊಡ ನೀರು, ಎಪ್ಪತ್ತು ಜನ, ಎಲ್ಲವೂ ಅಂದಾಜಿನ ಮೇಲೆ. ಅತ್ತೆ ಕೈಯನ್ನು ಮೊಣಕೈತನಕ ಗಡಿಗೆಯಲ್ಲಿ ಇಳಿಸಿ ಮೇಲೆತ್ತಿ, ಬೆರಳ ತುದಿಯಿಂದ ಹನಿ ಹೇಗೆ ಬಿಡುತ್ತದೆ ಎಂದು ನೋಡುತ್ತಿದ್ದರು. ಬೇಗ ಬಿಟ್ಟರೆ ಬೆಲ್ಲ ಕಡಿಮೆ. ಬೆರಳಿಗೆ ಅಂಟಿ ಎಳೆದರೆ ಹಿಟ್ಟು ಹೆಚ್ಚು. ಗಡಿಗೆಯ ಬಾಯಿಗೆ ಮುಖ ಒಡ್ಡಿ ಹುಳಿಯ ವಾಸನೆ ಹಿಡಿಯುತ್ತಿದ್ದರು. ಮದುವೆಯಾಗಿ ಬಂದ ಮೊದಲ ವರ್ಷ ಇದನ್ನು ನೋಡಿ ನನಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಆ ಆಶ್ಚರ್ಯವನ್ನು ಅವರಿಗೆ ಹೇಳಲಿಲ್ಲ.

ವಾಸನೆಗೆ ಹುಳಿ ಸಿಗುತ್ತದೆ, ಯಾಲಕ್ಕಿ ಸಿಗುತ್ತದೆ. ಉಪ್ಪು ಸಿಗುವುದಿಲ್ಲ.

ನೀರು ಮನೆಯ ಹಿಂದಿನ ಬಾವಿಯದು. ಅತ್ತೆ ಮದುವೆಯಾಗಿ ಬಂದಾಗ ಅದೇ ಓಣಿಯ ಸಿಹಿ ನೀರು. ಹಗ್ಗ ಇಳಿಸಿ ಇಳಿಸಿ ಕೈ ಸೋಲುವಷ್ಟು ಆಳ. ನಾನು ಬರುವ ಹೊತ್ತಿಗೆ ಕಾಲುವೆಗೆ ನೀರು ಬಿಟ್ಟು ಕೆಲವು ವರ್ಷಗಳಾಗಿದ್ದವು. ಊರ ಮೇಲಿನ ಕರಿಹೊಲಗಳಲ್ಲಿ ಜೋಳ ಹೋಗಿ ಭತ್ತ ಬಂದಿತ್ತು. ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡಿದ್ದವರು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದ ಹೊಲಗಳಲ್ಲಿ ಹಗಲೂ ರಾತ್ರಿ ನೀರು ನಿಲ್ಲುತ್ತಿತ್ತು. ಬಾವಿ ತುಂಬುತ್ತ ಬಂತು. ಮೊದಮೊದಲು ಊರವರೆಲ್ಲ ಹಿಗ್ಗಿದರು; ಹಗ್ಗ ಅರ್ಧಕ್ಕರ್ಧ ಸಾಕಾಯಿತು, ಆಮೇಲೆ ಮೆಟ್ಟಿಲಿಳಿದು ಬಗ್ಗಿ ಕೊಡ ಮುಳುಗಿಸುವಂತಾಯಿತು. ನೀರು ಮೇಲೆ ಬರುವಾಗ ಮಣ್ಣೊಳಗಿನ ಸವಳನ್ನೂ ಎತ್ತಿಕೊಂಡು ಬರುತ್ತದೆ ಎಂಬುದು ಯಾರ ತಲೆಗೂ ಬರಲಿಲ್ಲ. ಅಷ್ಟರಲ್ಲಿ ಊರ ಕನ್ನಡ ಸಾಲಿಯ ಮುಂದೆ ಕೈಪಂಪು ಬಂದದ್ದರಿಂದ ಕುಡಿಯಲು, ಅಡಿಗೆಗೆ ಅದೇ ನೀರಾಯಿತು. ಬಾವಿಯ ನೀರು ಬಟ್ಟೆ ಒಗೆಯಲು, ದನಕ್ಕೆ ಮತ್ತು ಯುಗಾದಿಯ ಬೇವಿಗೆ. ಬೇವಿಗೆ ಮಾತ್ರ ಅತ್ತೆ ಬಾವಿ ಬಿಡಲಿಲ್ಲ. ಕೈಪಂಪಿನ ನೀರು ಕಬ್ಬಿಣ ಮುಟ್ಟಿ ಬಂದದ್ದು, ದೇವರಿಗೆ ನಡೆಯುವುದಿಲ್ಲ ಎನ್ನುತ್ತಿದ್ದರು.

ಮನೆಯ ಬಟ್ಟೆ ಒಗೆಯುತ್ತಿದ್ದವಳು ನಾನು. ಸೊಸೆ ಬಂದ ಮೇಲೆ ಅತ್ತೆ ಬಾವಿಗೆ ಇಳಿಯುವುದನ್ನು ಬಿಟ್ಟಿದ್ದರು. ನಾನು ಬಂದ ಮೂರನೆಯ ವರ್ಷ ಸಂಕ್ರಮಣದ ನಂತರ ಸಾಬೂನಿಗೆ ನೊರೆ ಬರುವುದು ನಿಂತಿತ್ತು. ಒಣಗಿದ ಬಟ್ಟೆ ಕೊಡವಿದರೆ ಬಿಳಿ ಪುಡಿ ಉದುರುತ್ತಿತ್ತು. ಮೆಟ್ಟಿಲ ಕಲ್ಲುಗಳ ಸಂದಿಯಲ್ಲಿ ಉಪ್ಪಿನಂಥ ಬಿಳುಪು ಕಟ್ಟಿತ್ತು. ಅದು ಉಪ್ಪೇ. ನಾನು ರಾಮಸಮುದ್ರದ ಕಡೆಯವಳು, ಸವಳು ಬಾವಿಗಳನ್ನು ನೋಡಿ ಬೆಳೆದವಳು, ನೀರಿನ ರುಚಿ ತಿಳಿಯದವಳಲ್ಲ. ಅತ್ತೆಗೆ ಹೇಳಬಹುದಾಗಿತ್ತು. ದಿನಕ್ಕೆ ಹತ್ತು ಸಲ ಅವರ ಎದುರು ಓಡಾಡುತ್ತಿದ್ದೆ.

ಇಲ್ಲಿ ನಾನು ಜಾಗ್ರತೆಯಿಂದ ಬರೆಯಬೇಕು. ಈ ಪುಟವನ್ನು ನಾಲ್ಕು ಸಲ ಬರೆದಿದ್ದೇನೆ, ನಾಲ್ಕೂ ಸಲ ನಾನು ಬೇರೆ ಬೇರೆ ಕಾರಣಕ್ಕೆ ಸುಮ್ಮನಿದ್ದೆ. ಒಂದರಲ್ಲಿ ಹೆದರಿ, ಒಂದರಲ್ಲಿ ಮರೆತು, ಒಂದರಲ್ಲಿ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಯಾರೋ ಬಂದರು. ಆ ಮೂರನೆಯದು ಬರೆಯುವಾಗ ಎಷ್ಟು ಹಿತವಾಗಿತ್ತೆಂದರೆ ಅದು ಸುಳ್ಳೆಂದು ಆಗಲೇ ಗೊತ್ತಾಯಿತು. ನಾಲ್ಕನೆಯದನ್ನು ಉಳಿಸಿಕೊಂಡಿದ್ದೇನೆ.

ಮದುವೆಗೆ ಮುಂಚೆ ನಾನು ಟೀಚರ್ ಟ್ರೇನಿಂಗ್ ಮುಗಿಸಿದ್ದೆ. ಮದುವೆಯಾದ ಎರಡನೆಯ ವರ್ಷ ಕಕ್ಕೇರಾ ಕಡೆಯ ಒಂದು ಸಾಲಿಗೆ ಆರ್ಡರು ಬಂತು. ಗಂಡ ಅತ್ತೆಯ ಮುಖ ನೋಡಿದ. ಮಾವ ಮೊದಲ ಸಲ ಒಂದು ತೀರ್ಮಾನವನ್ನು ಹೆಂಡತಿಗೆ ಬಿಟ್ಟರು. ಬೇಡ ಎನ್ನುವ ಕೆಲಸವನ್ನು ತಾವು ಮಾಡಲು ಇಷ್ಟವಿರಲಿಲ್ಲವೇನೋ. ಅತ್ತೆ ರೊಟ್ಟಿ ಬಡಿಯುತ್ತಿದ್ದವರು ತಲೆ ಎತ್ತದೆ ಹೇಳಿದರು: “ನಮ್ಮ ಮನಿ ಸೊಸಿ ರೋಡಿನ ಮ್ಯಾಲ ನಿಂತು ಬಸ್ಸಿಗಿ ಕೈ ಮಾಡೂದು ಬ್ಯಾಡ.” ಹಾಜರಾಗಬೇಕಾದ ದಿನ ದಾಟಿಹೋಯಿತು. ಆರ್ಡರಿನ ಕಾಗದವನ್ನು ಮಡಚಿ ಟ್ರಂಕಿನ ಅಡಿಗೆ ಹಾಕಿದೆ. ಆಮೇಲೆ ಸಾಬೂನಿಗೆ ನೊರೆ ಬರದಿದ್ದಾಗ ನಾನು ಅದನ್ನು ನನ್ನ ಹತ್ತಿರವೇ ಇಟ್ಟುಕೊಂಡೆ. ಮುಂದೆ ಏನಾಗಲಿ ಎಂದು ಲೆಕ್ಕ ಹಾಕಿದ್ದೆನೆಂದು ಹೇಳಲಾರೆ. ಅವರಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿದೆ ಎಂಬುದೇ ಸಾಕಾಗಿತ್ತು.

ಯುಗಾದಿಯ ಬೆಳಿಗ್ಗೆ ಎರಡು ಕೊಡ ನೀರು ತಂದವಳೂ ನಾನೇ. ಅತ್ತೆ ಎಣ್ಣೆನೀರು ಹಾಕಿಕೊಂಡು, ಉಪವಾಸದಲ್ಲಿ, ಒದ್ದೆ ಕೂದಲು ಗಂಟು ಕಟ್ಟಿ ಗಡಿಗೆಯ ಮುಂದೆ ಕೂತಿದ್ದರು. ಎಲ್ಲ ಹಾಕಿ, ಕೈಯಾಡಿಸಿ, ಹನಿ ನೋಡಿ, ವಾಸನೆ ನೋಡಿ, ಸಮಾಧಾನವಾಗಿ, ಬೇವಿನ ಹೂ ಬಿಡಿಸಿಕೊಂಡು ಬರಲು ಹಿತ್ತಿಲಿಗೆ ಹೋದರು. ಬಟ್ಟೆ ಮುಚ್ಚು ಎಂದು ನನಗೆ ಹೇಳಿದರು. ನಾನು ಬೆರಳು ಅದ್ದಿ ನೆಕ್ಕಿದೆ.

ಮೊದಲು ಬೆಲ್ಲ ಬಂತು, ಹಿಂದೆಯೇ ಹುಳಿ. ನಾನು ತಪ್ಪು ತಿಳಿದಿದ್ದೆನೇನೋ ಎನ್ನುವಷ್ಟರಲ್ಲಿ ನಾಲಿಗೆಯ ಹಿಂಬದಿಗೆ ಅದು ಇಳಿಯಿತು. ಉಪ್ಪು, ಉಪ್ಪಿನ ಬೆನ್ನಿಗೆ ಒಂದು ಒಗರು ಕಹಿ. ಹೂ ಇನ್ನೂ ಹಾಕಿರಲಿಲ್ಲ. ಲೋಟವಲ್ಲ, ಒಂದು ಚಮಚ ಕುಡಿದರೂ ಬಾಯಿ ತೊಳೆಯಬೇಕೆನಿಸುವ ನೀರು. ಆಗಲೂ ಸಮಯವಿತ್ತು. ಇನ್ನೊಂದು ಗಡಿಗೆ ಇರಲಿಲ್ಲ ನಿಜ, ಆದರೆ ಕುಂಬಾರರ ಮನೆ ನಾಲ್ಕು ಹೆಜ್ಜೆ. ಬೆಲ್ಲ ಇತ್ತು, ಹುಣಸೆ ಇತ್ತು, ಕೈಪಂಪು ಇತ್ತು. ನಾನು ಬಟ್ಟೆ ಮುಚ್ಚಿದೆ. ಹೇಳಿದರೆ ದೇವರಿಗಿಂತ ಮೊದಲು ರುಚಿ ನೋಡಿದ್ದನ್ನು ಒಪ್ಪಿಕೊಳ್ಳಬೇಕಾಗುತ್ತಿತ್ತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಆದರೆ ಸಾಬೂನಿನ ಮಾತು ಹೇಳಲು ಎಂಜಲಿನ ಭಯವೇನಿರಲಿಲ್ಲ.

ನನ್ನ ಗಂಡ ಇದನ್ನು ಓದಿದರೆ ಒಪ್ಪುವುದಿಲ್ಲ. ಅವನ ನೆನಪಿನಲ್ಲಿ ಆ ವರ್ಷ ಕೆಟ್ಟದ್ದು ಹುಣಸೆಹಣ್ಣು. ಹಳೆಯದು, ಉಪ್ಪು ಹಚ್ಚಿ ಇಟ್ಟದ್ದು. ಇರಬಹುದು. ನಾನು ಬೆರಳು ಅದ್ದಿದ್ದು ಮಾತ್ರ ಅವನ ನೆನಪಿನಲ್ಲಿಲ್ಲ, ಏಕೆಂದರೆ ಅವನು ಅಲ್ಲಿರಲಿಲ್ಲ.

ಎಡೆಯಾಯಿತು. ಜನ ಬಂದರು. ನಮ್ಮಲ್ಲಿ ಬೇವು ಕುಡಿಯುವಾಗ ಅದಕ್ಕೆ ಹೆಸರಿಡಬಾರದು, ಕುಂದು ಹೇಳಬಾರದು. ವರ್ಷದ ಮೊದಲ ದಿನ ಯಾವ ಮಾತು ಬಾಯಿಂದ ಬರುತ್ತದೋ ಅದೇ ವರ್ಷವಿಡೀ ನಡೆಯುತ್ತದೆ ಎಂದು ನಂಬಿಕೆ. ಹಾಗಾಗಿ ಎಲ್ಲರೂ ಕುಡಿದು “ಭಾಳ ಚಲೋ ಆಗ್ಯಾದ” ಎನ್ನುತ್ತಾರೆ. ಅದು ಹೊಗಳಿಕೆಯಲ್ಲ, ಹಾರೈಕೆಯಂತೆ. ಅಂದೂ ಹಾಗೇ ಆಯಿತು. ಕಟ್ಟೆಯ ಹಿರಿಯರು ಮೊದಲ ಲೋಟ ಕುಡಿದರು. ಅವರ ಗಂಟಲಮಣಿ ಮೇಲೆ ಹೋಗಿ ಒಂದು ಕ್ಷಣ ಅಲ್ಲೇ ನಿಂತು ಕೆಳಗಿಳಿಯಿತು. ಚಲೋ ಆಗ್ಯಾದ ಎಂದರು. ಮುಂದಿನವರೂ ಅಂದರು. ಮಾವನೂ ಅಂದರು. ಅರವತ್ತು ಜನ ಸಾಲಾಗಿ ಸವಳು ನೀರು ಕುಡಿದು, ಬಾಯಿ ಒರೆಸಿಕೊಂಡು, ಹೊಗಳಿ ಕೂತರು. ಅತ್ತೆ ಬಡಿಸುತ್ತಿದ್ದರು, ಮುಖ ಅರಳಿತ್ತು. ಬಡಿಸುವವರು ಕೊನೆಗೆ ಕುಡಿಯಬೇಕು. ಅವರಿನ್ನೂ ಕುಡಿದಿರಲಿಲ್ಲ.

ಖಾಲಾ ಬಂದದ್ದು ಆಮೇಲೆ; ಚಿಕ್ಕಮ್ಮ ಎಂಬ ಅರ್ಥದಲ್ಲಿ ಓಣಿಯೆಲ್ಲ ಅವರನ್ನು ಹಾಗೆ ಕರೆಯುತ್ತಿತ್ತು. ನಮ್ಮ ಮನೆಯ ಎದುರಿಗೇ ಅವರ ಮನೆ. ಅವರ ಗಂಡ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಅತ್ತೆ ಮತ್ತು ಖಾಲಾ ಒಂದೇ ವರ್ಷ ಆ ಓಣಿಗೆ ಮದುವೆಯಾಗಿ ಬಂದವರು. ರಮಜಾನಿಗೆ ಅಲ್ಲಿಂದ ಹಾಲು ಶಾವಿಗೆಯ ಸುರಕುಂಬ ಬರುತ್ತಿತ್ತು, ಯುಗಾದಿಗೆ ಇಲ್ಲಿಂದ ಬೇವು ಹೋಗುತ್ತಿತ್ತು. ಹೋಗುತ್ತಿತ್ತು ಎನ್ನುವುದೂ ತಪ್ಪು, ಖಾಲಾ ತಾವೇ ಬಂದು ಅತ್ತೆಯ ಪಕ್ಕ ಕೂತು ಎರಡು ಲೋಟ ಕುಡಿಯುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುವುದನ್ನು ಕೇಳಿದರೆ ಹೊಸಬರಿಗೆ ಜಗಳವೆನಿಸಬೇಕು.

ಖಾಲಾ ಒಂದು ಗುಟುಕು ಕುಡಿದರು. ಲೋಟವನ್ನು ಚಾಪೆಯ ಮೇಲಿಟ್ಟರು.

“ಅಕ್ಕಾ, ಎಲ್ಲೀ ನೀರು ಹಾಕೀರಿ?”

“ಎಲ್ಲೀವಂದ್ರ? ನಮ್ಮ ಭಾವೀವು.”

“ಸವಳ ಆಗ್ಯಾವ್ರಿ ಅವು. ಸಣ್ಣ ಹುಡುಗರಿಗಿ ಕೊಡಬ್ಯಾಡ್ರಿ, ಹೊಟ್ಟಿ ಕೆಡ್ತದ.”

ಹೆಸರಿಡಬಾರದ ದಿನ ಒಬ್ಬರು ಹೆಸರಿಟ್ಟಿದ್ದರು; ಅದೂ ಅರವತ್ತು ಜನ ಚಲೋ ಎಂದ ಮೇಲೆ. ಖಾಲಾಗೆ ಆ ಕಟ್ಟಳೆ ಗೊತ್ತಿರಲಿಲ್ಲವೆಂದಲ್ಲ. ಗೆಳತಿಯ ಮರ್ಯಾದೆ ಹೋಗುವುದನ್ನು ತಡೆಯಲು ಅದನ್ನು ಮುರಿದರು. ಇದು ನನಗೆ ಈಗ ಅನ್ನಿಸುವುದು. ಆಗ ಅನ್ನಿಸಿದ್ದು ಒಂದೇ: ಸಿಕ್ಕಿಬಿದ್ದೆ.

ಅತ್ತೆ ಸುತ್ತ ನೋಡಿದರು. ಯಾರೂ ಅವರ ಕಣ್ಣಿಗೆ ಕಣ್ಣು ಕೊಡಲಿಲ್ಲ. ಗೋಡೆಯ ಪಕ್ಕ ನಿಂತಿದ್ದ ಸಣ್ಣತ್ತೆ ಲೋಟದೊಳಗೆ ನೋಡುತ್ತಿದ್ದರು. ಅತ್ತೆ ನನ್ನ ಕಡೆ ತಿರುಗಿದರು. ಅವರಿಗೆ ಬೇಕಾಗಿದ್ದು ಮನೆಯ ಒಂದು ನಾಲಿಗೆ. ಸೊಸೆ ಸುಳ್ಳು ಹೇಳಿದರೆ ಮನೆಯೇ ಮುಳುಗುತ್ತದೆ, ಆದ್ದರಿಂದ ಹೇಳಲಾರಳು ಎಂದು ತಿಳಿದಿರಬೇಕು. ಒಂದು ಲೋಟ ತುಂಬಿ ನನ್ನ ಕೈಗೆ ಕೊಟ್ಟರು.

“ನೀ ಕುಡದು ಹೇಳು.”

ನಾನು ಕುಡಿದೆ. ಪೂರ್ತಿ ಲೋಟ. ಕುಡಿಯುವಾಗ ಸಮಯ ಸಿಕ್ಕಿತ್ತು. ಅಷ್ಟು ದೊಡ್ಡ ಲೋಟ ಒಂದೇ ಗುಟುಕಿಗೆ ಮುಗಿಯುವುದಿಲ್ಲ. ಉಪ್ಪು ಅಂದಿದ್ದರೆ ಅತ್ತೆ ಅಂಗಳದಲ್ಲಿ ಒಂದು ಗಳಿಗೆ ತಲೆ ತಗ್ಗಿಸುತ್ತಿದ್ದರು, ಖಾಲಾ ಎದ್ದು ಗಡಿಗೆ ಚೆಲ್ಲಲು ಕೈಜೋಡಿಸುತ್ತಿದ್ದರು, ಇಬ್ಬರೂ ಬೈದುಕೊಳ್ಳುತ್ತ ಸಂಜೆಗೆ ಹೊಸದು ಮಾಡುತ್ತಿದ್ದರು, ಓಣಿ ಮತ್ತೊಮ್ಮೆ ಬಂದು ನಕ್ಕು ಕುಡಿಯುತ್ತಿತ್ತು. ಹೀಗೇ ಆಗುತ್ತಿತ್ತೆಂದು ನನಗೆ ಹೇಗೆ ಗೊತ್ತು? ಗೊತ್ತಿಲ್ಲ. ಆದರೆ ಆಗುತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನನ್ನಿಂದಾಗಿಲ್ಲ.

“ಚಲೋ ಆಗ್ಯಾದ್ರಿ ಅತ್ತಿ,” ಅಂದೆ.

ಸಣ್ಣತ್ತೆ ಅಲ್ಲಿಂದಲೇ, “ಮನಿ ಸೊಸಿನ ಹೇಳಿದ ಮ್ಯಾಲ ಮುಗೀತಲ್ಲ ಬಿಡ್ರಿ,” ಎಂದರು. ಅವರ ಲೋಟ ಇನ್ನೂ ಅರ್ಧ ತುಂಬಿತ್ತು.

ಅತ್ತೆ ಖಾಲಾ ಕಡೆ ನೋಡಿದರು. ಮುಂದೆ ಅವರು ಅಂದ ಮಾತನ್ನು ಆ ಓಣಿಯಲ್ಲಿ ಅದಕ್ಕೆ ಮೊದಲು ಯಾರೂ ಅಂದಿರಲಿಲ್ಲ.

“ನಿಮ್ಮ ಹಬ್ಬದಾಗ ಬಂದು ನಾ ಎಂದಾರ ಹೆಸರ ಇಟ್ಟೀನೇನು?”

ನಿಮ್ಮ ಹಬ್ಬ. ಖಾಲಾ ಲೋಟದಲ್ಲಿ ಉಳಿದದ್ದನ್ನು ಕುಡಿದು ಮುಗಿಸಿದರು. ಬಿಟ್ಟು ಹೋಗಬಹುದಾಗಿತ್ತು, ಬಿಡಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದರು. ಎದುರು ಮನೆಗೆ ಹೋಗಲು ಎಷ್ಟು ಹೊತ್ತು ಬೇಕು? ನನ್ನ ನೆನಪಿನಲ್ಲಿ ಅವರು ಇನ್ನೂ ಅಂಗಳ ದಾಟುತ್ತಿದ್ದಾರೆ. ಇಂಥ ಸಾಲು ಬರೆದಾಗಲೆಲ್ಲ ನನಗೆ ನನ್ನ ಮೇಲೆ ಅನುಮಾನ ಬರುತ್ತದೆ. ಅವರು ನಾಲ್ಕು ಹೆಜ್ಜೆಯಲ್ಲಿ ದಾಟಿ ಬಾಗಿಲು ಮುಂದೆ ಮಾಡಿಕೊಂಡರು.

ಜನ ಹೋದ ಮೇಲೆ ಅತ್ತೆ ಅಡಿಗೆಮನೆಯಲ್ಲಿ ತಮ್ಮ ಲೋಟ ಕುಡಿದರು. ಆಗ ಅವರ ಮುಖ ಹೇಗಾಯಿತು ಎಂದು ನಾನು ಬಹಳ ಜನರಿಗೆ ವರ್ಣಿಸಿದ್ದೇನೆ: ಮೊದಲು ನಿಧಾನ, ಆಮೇಲೆ ಹುಬ್ಬು, ಆಮೇಲೆ ನನ್ನತ್ತ ತಿರುಗಿದ ಕಣ್ಣು. ಆದರೆ ನಾನು ಅಲ್ಲಿ ಇರಲೇ ಇಲ್ಲ. ಕೈಪಂಪಿನ ಹತ್ತಿರ ನಿಂತು ಬಾಯಿ ಮುಕ್ಕಳಿಸುತ್ತಿದ್ದೆ. ಒಳಗೆ ಬಂದಾಗ ಲೋಟ ಖಾಲಿಯಾಗಿತ್ತು, ತೊಳೆದು ಬೋರಲು ಹಾಕಿದ್ದರು. ಗಡಿಗೆಯಲ್ಲಿ ಉಳಿದದ್ದನ್ನು ದನಕ್ಕೂ ಹಾಕದೆ ತಿಪ್ಪೆಗೆ ಸುರಿದಿದ್ದರು. ನನಗೆ ಒಂದು ಮಾತೂ ಹೇಳಲಿಲ್ಲ. ಅಂದು ಸಂಜೆ ಹೋಳಿಗೆ ಬಡಿಸುವಾಗ ತುಪ್ಪ ಸಾಕೇನು ಎಂದು ಕೇಳಿದರು. ಅಷ್ಟೇ.

ಹೊಟ್ಟೆ ಕೆಟ್ಟವರು ನಾಲ್ಕೈದು ಮಂದಿ. ದೊಡ್ಡದೇನಲ್ಲ. ಓಣಿಯಲ್ಲಿ ಅದರ ಬಗ್ಗೆ ಯಾರೂ ಆಡಿಕೊಳ್ಳಲಿಲ್ಲ, ನಮ್ಮ ಕಿವಿಗೆ ಬೀಳುವಂತೆ ಆಡಿಕೊಳ್ಳಲಿಲ್ಲ. ಮರುವಾರವೇ ಅತ್ತೆ ಬಾವಿಗೆ ಇಳಿದು, ಮೆಟ್ಟಿಲ ಮೇಲೆ ಕೂತು, ಒಂದು ಬೊಗಸೆ ನೀರು ಬಾಯಿಗೆ ಹಾಕಿಕೊಂಡು ಉಗುಳಿದ್ದನ್ನು ನಾನು ಹಿತ್ತಿಲ ಬಾಗಿಲಿನಿಂದ ನೋಡಿದೆ. ಇದು ನಿಜವಾಗಿ ನೋಡಿದ್ದು. ಒಗೆಯುವ ಕಲ್ಲಿನ ಮೇಲೆ ಸಾಬೂನಿನ ತುಂಡು ಇತ್ತು. ಅದನ್ನೂ ಕೈಗೆ ತೆಗೆದುಕೊಂಡು ನೀರಿನಲ್ಲಿ ಉಜ್ಜಿ ನೋಡಿದರು.

ಖಾಲಾ ಮನೆಗೆ ಅವರು ಹೋಗಬಹುದಾಗಿತ್ತು. ಹೋಗಲಿಲ್ಲ. ಆ ವರ್ಷ ಸುರಕುಂಬ ಬರಲಿಲ್ಲ.

ಮುಂದಿನ ಯುಗಾದಿಗೆ ಅತ್ತೆ ಕೈಪಂಪಿನ ನೀರಿನಲ್ಲೇ ಬೇವು ಮಾಡಿದರು. ಕಬ್ಬಿಣ, ದೇವರು ಎಂಬ ಮಾತು ಎತ್ತಲಿಲ್ಲ. ಹನಿ ನೋಡುವಾಗ ಕೈ ಮೊದಲಿನಂತೆಯೇ ಸ್ಥಿರವಾಗಿತ್ತು. ಎಡೆಯಾಯಿತು, ಚಾಪೆ ಹಾಸಿದ್ದಾಯಿತು, ಲೋಟಗಳನ್ನು ಸಾಲಾಗಿ ಇಟ್ಟದ್ದಾಯಿತು. ಗೋಡೆಯ ಆಚೆ ಮಾತು ಕೇಳಿಸತೊಡಗಿತು. ಸಣ್ಣತ್ತೆಯ ಮಗ ಶಹಾಪುರದಿಂದ ಮೋಟರ್ ಸೈಕಲ್ಲಿನ ಮೇಲೆ ಗೋಣಿಚೀಲದಲ್ಲಿ ಐಸು ತಂದಿದ್ದ. ಭತ್ತದ ದುಡ್ಡು ಬಂದ ಮನೆ; ಸ್ಟೀಲಿನ ಡ್ರಮ್ಮಿನಲ್ಲಿ ಬೇವು, ಅದರಲ್ಲಿ ಐಸಿನ ತುಂಡು, ಮೇಲೆ ಕಲ್ಲಂಗಡಿಯ ಚೂರು. ಕುಡಿದವರು ಹಲ್ಲು ಚಳಿಯೆಂದು ನಗುತ್ತಿದ್ದರು. ನಗುವವರ ದನಿಗಳೆಲ್ಲ ಗುರುತಿನವು. ಕಟ್ಟೆಯ ಹಿರಿಯರೂ ಅಲ್ಲೇ ಇದ್ದರು. ಸ್ವಲ್ಪ ಹೊತ್ತಿಗೆ ಮಾವ ಮುಂಡಾಸು ಸರಿಮಾಡಿಕೊಂಡು, ಕರೆದಿದ್ದಾರೆ ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಯಾರಿಗೋ ಹೇಳುವಂತೆ ಹೇಳಿ, ಗೋಡೆ ಬಳಸಿಕೊಂಡು ಹೋದರು.

ನಮ್ಮ ಅಂಗಳಕ್ಕೆ ಮೂವರು ಬಂದರು, ಆಚೆ ಕುಡಿದು ಬಂದವರು. ಅರ್ಧ ಲೋಟ ಸಾಕು ಎಂದರು.

ಹೊತ್ತು ಇಳಿಯುವ ಹೊತ್ತಿಗೆ ಅತ್ತೆ ಒಳಗಿನಿಂದ ಹಿತ್ತಾಳೆಯ ಚೊಂಬು ತಂದರು. ಅದರ ತುಂಬ ಬೇವು ಹಾಕಿ, ಎಲೆ ಮುಚ್ಚಿ, ಎದುರು ಮನೆಗೆ ಕೊಟ್ಟು ಬಾ ಎಂದು ನನಗೆ ಹೇಳಿದರು. ಏನು ಹೇಳಬೇಕೆಂದು ಹೇಳಲಿಲ್ಲ. ಅವರ ಮಟ್ಟಿಗೆ ಆ ಚೊಂಬೇ ಮಾತು.

ಖಾಲಾ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಚೊಂಬು ತೆಗೆದುಕೊಂಡು ಒಳಗೆ ಹೋಗಿ ತಮ್ಮ ಪಾತ್ರೆಗೆ ಸುರಿದುಕೊಂಡರು. ಚೊಂಬು ತೊಳೆಯುವ ಸದ್ದು ಕೇಳಿಸಿತು. ನಮ್ಮ ಕಡೆ ಹಬ್ಬಕ್ಕೆ ಬಂದ ಪಾತ್ರೆಯನ್ನು ಖಾಲಿ ಕಳಿಸುವುದಿಲ್ಲ; ಏನಿಲ್ಲವೆಂದರೂ ಒಂದು ಚಿಟಿಕೆ ಸಕ್ಕರೆ, ನಾಲ್ಕು ಕಾಳು ಜೋಳ ಹಾಕಿ ಕೊಡುತ್ತಾರೆ. ಖಾಲಾ ಹೊರಗೆ ಬಂದು ಚೊಂಬು ನನ್ನ ಕೈಗೆ ಕೊಟ್ಟರು. ಒಳಗೆ ಒಂದು ಹನಿ ನೀರೂ ಇಲ್ಲದಂತೆ ಒರೆಸಿದ್ದರು.

“ಅವತ್ತ ನೀ ಪೂರಾ ಲೋಟ ಕುಡದಿ. ನಿನಗ ಉಪ್ಪ ಹತ್ತಲಿಲ್ಲೇನು?” ಎಂದು ಕೇಳಿದರು. ಸಿಟ್ಟಿನಿಂದಲ್ಲ. ತಿಳಿದುಕೊಳ್ಳಬೇಕಾಗಿತ್ತು, ಹಾಗೆ.

“ಹತ್ತಿತ್ರಿ,” ಅಂದೆ. ಯಾಕೆ ನಿಜ ಹೇಳಿದೆನೋ. ಇನ್ನು ಹೇಳಿ ಉಪಯೋಗವಿಲ್ಲ ಎಂದು ಖಾತ್ರಿಯಾಗಿತ್ತಲ್ಲ, ಅದಕ್ಕೇ ಇರಬೇಕು.

“ಅಷ್ಟು ಮಂದ್ಯಾಗ ನನ್ನ ಸುಳ್ಳಿ ಮಾಡಿದಿ,” ಎಂದರು. ಆಮೇಲೆ ಮೊರ ತೊಡೆಯ ಮೇಲೆ ಎಳೆದುಕೊಂಡು, “ಮುಟ್ಟೇದಂತ ಹೇಳು ಅಕ್ಕಗ,” ಎಂದರು.

ಅತ್ತೆ ಚೊಂಬು ಇಸಿದುಕೊಂಡು ಒಳಗೆ ನೋಡಿದರು. ಕೈ ಹಾಕಿಯೂ ನೋಡಿದರು. ಮುಟ್ಟಿದೆಯಂತೆ ಎಂದೆ. ಖಾಲಾ ಕೇಳಿದ್ದು, ನಾನು ಒಪ್ಪಿದ್ದು ಯಾವುದನ್ನೂ ಹೇಳಲಿಲ್ಲ. ಅತ್ತೆ ಚೊಂಬನ್ನು ಅಟ್ಟದ ಮೇಲೆ ಇಟ್ಟರು. ಗೋಡೆಯ ಆಚೆ ಯಾರೋ ಇನ್ನೊಂದು ಲೋಟ ಕೇಳುತ್ತಿದ್ದರು.

ಆ ಮುಂದಿನ ವರ್ಷ ಯುಗಾದಿಗೆ ನಾಲ್ಕು ದಿನ ಇರುವಾಗ ಅತ್ತೆ ಹುಣಸೆಹಣ್ಣಿನ ಬುಟ್ಟಿಯನ್ನು ನನ್ನ ಮುಂದೆ ಇಟ್ಟು, ಇನ್ನು ನೀನೇ ಮಾಡು ಎಂದರು. ಸೊಸೆಯರಿಗೆ ಈ ಮಾತು ಬರುವ ದಿನ ಸಣ್ಣ ದಿನವಲ್ಲ. ಓಣಿಯೆಲ್ಲ ಬರುತ್ತಿದ್ದ ಕಾಲದಲ್ಲಿ ಬಂದಿದ್ದರೆ ನಾನು ಅವರ ಕಾಲಿಗೆ ಬೀಳಬೇಕಾಗಿತ್ತು. ಈಗ ಬಂದದ್ದು ನಾಲ್ಕು ಮಂದಿಗೆ ಮಾಡುವ ಗಡಿಗೆ. ಅಳತೆ ಕೇಳಿದೆ. ಕೈಗೆ ತಿಳಿಯುತ್ತದೆ ಎಂದರು. ಎಷ್ಟು ನೀರಿಗೆ ಎಷ್ಟು ಬೆಲ್ಲ ಎಂದಾದರೂ ಹೇಳಿ ಎಂದೆ. ಕೈಗೆ ತಿಳಿಯುತ್ತದೆ ಎಂದರು.

ನನ್ನ ಕೈಗೆ ತಿಳಿಯಲಿಲ್ಲ. ಬೆರಳಿನಿಂದ ಹನಿ ಬಿಡುವುದನ್ನು ನೋಡಿದೆ, ಎಲ್ಲ ಹನಿಯೂ ಒಂದೇ ಥರ ಕಂಡವು. ಅತ್ತೆ ಹೊರಗೆ ಹೋದದ್ದನ್ನು ನೋಡಿಕೊಂಡು ಚಮಚ ಅದ್ದಿ ರುಚಿ ನೋಡಿದೆ, ಬೆಲ್ಲ ಹಾಕಿದೆ, ಮತ್ತೆ ನೋಡಿದೆ. ಹಾಗೆ ಮೂರು ಸಲ. ಎಡೆಯಾದ ಮೇಲೆ ಮೊದಲ ಲೋಟವನ್ನು ಅವರಿಗೇ ಕೊಟ್ಟೆ. ನಿಧಾನವಾಗಿ, ನಡುವೆ ಎಲ್ಲೂ ನಿಲ್ಲಿಸದೆ ಕುಡಿದರು. ನಾನು ಎದುರಿಗೇ ನಿಂತಿದ್ದೆ. ಇಷ್ಟು ದಿನ ಆಡದ ಮಾತು ಈಗಲಾದರೂ ಬರಲಿ, ಬೈದರೂ ಬೈಯಲಿ ಎಂದು ಕಾದೆ. ಬರಲಿಲ್ಲ. ಕೊನೆಗೆ ನಾನೇ ಕೇಳಿದೆ.

“ಹ್ಯಾಂಗ ಆಗ್ಯಾದ್ರಿ ಅತ್ತಿ?”

ಅವರು ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟರು.

“ನನಗೇನ ಕೇಳ್ತಿ? ನಿನಗ ಮದ್ಲ ಗೊತ್ತಿರ್ತದಲ್ಲ.”